ಕಳ್ಳ ಯಾರು ಅಂತ ಕೇಳೋ ಮುಂಚೆ, ಚೀಟಿ ಬರೆದವರು ಯಾರು?

ಇವತ್ತಿನ ಸಂಚಿಕೆ ಒಂದು ಆಟದ ಬಗ್ಗೆ. ಆಟ ಅಂದ ಕೂಡಲೇ ಇದು ಹುಡುಗರ ವಿಷಯ ಅಂತ ಮುಂದಕ್ಕೆ ಸರಿಸಬೇಡ್ರಿ. ಈ ಆಟದ ದಾರಿ ಹಿಡಿದು ಹೋದರೆ ನಾವು 1857ರ ಮುಧೋಳಕ್ಕೆ ಬಂದು ನಿಲ್ತೀವಿ. ಅಲ್ಲಿ ಸೋತವರು ಪ್ರಾಣ ಕೊಟ್ಟರು.

ಮೊದಲು ಆಟ. ಜಮಖಂಡಿ ಇರಲಿ, ಬೀಳಗಿ ಇರಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿ ಇರಲಿ, ಮಳೆಗಾಲದ ಮಧ್ಯಾಹ್ನ ನಾಲ್ಕು ಹುಡುಗರು ಪಡಸಾಲೆಯಲ್ಲಿ ಕೂತರೆ ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಚೀಟಿ ಮಾಡ್ತಿದ್ದರು. ರಾಜ, ರಾಣಿ, ಪೊಲೀಸ, ಕಳ್ಳ. ಕೆಲವು ಕಡೆ ರಾಣಿ ಜಾಗದಲ್ಲಿ ಮಂತ್ರಿ. ಮಡಚಿ, ಕುಲುಕಿ, ನೆಲಕ್ಕೆ ಚೆಲ್ಲೋದು. ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳೋದು. ರಾಜ ತನ್ನ ಚೀಟಿ ತೋರಿಸ್ತಾನೆ, ಪೊಲೀಸನೂ ತೋರಿಸ್ತಾನೆ. "ಕಳ್ಳನ್ನ ಹಿಡಿ" ಅಂತ ಹುಕುಂ ಆಗುತ್ತೆ. ಉಳಿದ ಇಬ್ಬರೂ ಮುಖ ಬಿಗಿ ಹಿಡಿದು ಕೂತಿರ್ತಾರೆ. ಪೊಲೀಸ ಇಬ್ಬರ ಕಣ್ಣು ನೋಡಿ ಒಬ್ಬನ ಕಡೆ ಬೆರಳು ಮಾಡ್ತಾನೆ.

ಅಂಕಗಳ ಲೆಕ್ಕ ಓಣಿಯಿಂದ ಓಣಿಗೆ ಬೇರೆ ಇರುತ್ತೆ. ನಾನು ಆಡಿದ ಲೆಕ್ಕ ಹೇಳ್ತೀನಿ. ರಾಜನಿಗೆ 1000, ರಾಣಿಗೆ 800, ಪೊಲೀಸನಿಗೆ 500, ಕಳ್ಳನಿಗೆ ಸೊನ್ನೆ. ಪೊಲೀಸ ತಪ್ಪು ಹಿಡಿದರೆ ಅವನ 500 ಕಳ್ಳನಿಗೆ ಹೋಗುತ್ತೆ.

ಈಗ ಒಂದು ನಿಮಿಷ ಲೆಕ್ಕ ಹಾಕೋಣ. ಪೊಲೀಸನ ಮುಂದೆ ಇರೋದು ಇಬ್ಬರೇ. ಕಣ್ಣು ಮುಚ್ಚಿ ಹೇಳಿದರೂ ಎರಡರಲ್ಲಿ ಒಂದು ಸಲ ಸರಿ ಆಗುತ್ತೆ. ಅಂದರೆ ಸರಾಸರಿ ಪೊಲೀಸನಿಗೆ 250, ಕಳ್ಳನಿಗೆ 250. ಆಟದಲ್ಲಿ ನಿಜವಾಗಿ ಕಾದಾಡೋರು ಇವರಿಬ್ಬರೇ. ರಾಜನಿಗೆ ಮಾತ್ರ ಏನು ನಡೆದರೂ 1000. ಕಳ್ಳ ಸಿಕ್ಕರೂ 1000, ತಪ್ಪಿಸಿಕೊಂಡರೂ 1000, ಸುಮ್ಮನೆ ಇದ್ದ ರಾಣಿಯನ್ನ ಕಳ್ಳ ಅಂದರೂ 1000. ಹುಕುಂ ಕೊಟ್ಟವನಿಗೆ ನಷ್ಟದ ಮಾತೇ ಇಲ್ಲ. ಹುಡುಗರು ವರ್ಷಗಟ್ಟಲೆ ಆಡಿದರೂ ಇದರ ಕಡೆ ಯಾರ ಗಮನವೂ ಹೋಗಲ್ಲ. ಎಲ್ಲರ ಕಣ್ಣೂ ಕಳ್ಳನ ಮೇಲೆ ಇರುತ್ತಲ್ರಿ.

ಇವತ್ತಿನ ಮಾತಿನ ಬೇರು ಇಲ್ಲೇ ಇದೆ. ಇಂಥ ಆಟದಲ್ಲಿ ಮುಚ್ಚಿಟ್ಟಿರೋದು ಎರಡು. ಒಂದು, ಯಾರು ಯಾವ ಪಾತ್ರ ಅನ್ನೋದು. ಅದು ಎಲ್ಲರಿಗೂ ಗೊತ್ತಿರೋ ಗುಟ್ಟು. ಎರಡನೇದು ಆಟದ ಒಳಗಿನ ಯಂತ್ರ, ಅಂದರೆ ಯಾರಿಗೆ ಏನು ಲಾಭ, ಯಾವ ನಿಯಮ ಯಾರ ಪರ. ಆ ಗುಟ್ಟು ಇದೆ ಅನ್ನೋದೇ ಎಷ್ಟೋ ಸಲ ಆಡೋರಿಗೆ ಗೊತ್ತಿರಲ್ಲ.

ಮಾಸ್ಕೋದಿಂದ ಮೊಬೈಲ್‌ಗೆ

ನಮ್ಮ ಚೀಟಿ ಆಟದ ದೊಡ್ಡಣ್ಣ ಹುಟ್ಟಿದ್ದು ಮಾಸ್ಕೋದಲ್ಲಿ. 1986ರ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ಡೇವಿಡಾಫ್ 'ಮಾಫಿಯಾ' ಅನ್ನೋ ಆಟ ರೂಪಿಸಿದರು. ಹತ್ತು ಹದಿನೈದು ಜನ ಸುತ್ತ ಕೂರ್ತಾರೆ. ಕೆಲವರಿಗೆ ಗುಟ್ಟಾಗಿ ಮಾಫಿಯಾ ಪಾತ್ರ ಸಿಗುತ್ತೆ, ಉಳಿದವರು ಸಾಮಾನ್ಯ ಊರವರು. 'ರಾತ್ರಿ' ಅಂದಾಗ ಎಲ್ಲರೂ ಕಣ್ಣು ಮುಚ್ಚಬೇಕು. ಮಾಫಿಯಾದವರು ಮಾತ್ರ ಕಣ್ಣು ಬಿಟ್ಟು, ಒಬ್ಬರನ್ನೊಬ್ಬರು ಗುರುತಿಸಿ, ಊರವರಲ್ಲಿ ಒಬ್ಬರನ್ನ ಹೊಡೀತಾರೆ. 'ಬೆಳಗು' ಆದಮೇಲೆ ಊರೆಲ್ಲ ವಾದ ಮಾಡಿ, ಮತ ಹಾಕಿ, ಅನುಮಾನ ಬಂದ ಒಬ್ಬರನ್ನ ಆಟದಿಂದ ಹೊರಗೆ ಹಾಕುತ್ತೆ. ಇದನ್ನೆಲ್ಲ ನಡೆಸೋಕೆ ಒಬ್ಬ ಸೂತ್ರಧಾರ ಇರ್ತಾನೆ. ಎಲ್ಲ ಗುಟ್ಟು ಗೊತ್ತಿರೋದು ಅವನೊಬ್ಬನಿಗೆ.

ಹಾಸ್ಟೆಲುಗಳಿಂದ ಹಾಸ್ಟೆಲಿಗೆ ಹಬ್ಬಿ ಈ ಆಟ ಯುರೋಪು, ಅಮೆರಿಕ ಮುಟ್ಟಿತು. 1997ರಲ್ಲಿ ಅಮೆರಿಕದ ಆಂಡ್ರೂ ಪ್ಲಾಟ್ಕಿನ್ ಮಾಫಿಯಾ ತೆಗೆದು ತೋಳ-ಮನುಷ್ಯರನ್ನ ತಂದರು. 2018ರಲ್ಲಿ ಬಂದ 'ಅಮಂಗ್ ಅಸ್' ಅದೇ ಜಾತಿಯ ಮೊಬೈಲ್ ಆಟ. 2020ರ ಲಾಕ್‌ಡೌನಿನಲ್ಲಿ ಅದು ಜಗತ್ತಿನ ತುಂಬ ಹಬ್ಬಿದ್ದು ಮನೆಯಲ್ಲಿ ಮಕ್ಕಳಿದ್ದೋರಿಗೆ ಹೇಳಬೇಕಾಗಿಲ್ಲ.

2008ರಲ್ಲಿ ಮಾರ್ಕ್ ಬ್ರೇವರ್‌ಮನ್, ಒಮಿದ್ ಎತೆಸಾಮಿ, ಎಲ್ಖನನ್ ಮೋಸೆಲ್ ಅನ್ನೋ ಮೂವರು ಗಣಿತಜ್ಞರು ಈ ಆಟವನ್ನ ಲೆಕ್ಕಕ್ಕೆ ಹಚ್ಚಿದರು. ಮಾಫಿಯಾಕ್ಕೂ ಊರಿಗೂ ಗೆಲ್ಲೋ ಅವಕಾಶ ಹೆಚ್ಚುಕಡಿಮೆ ಸಮ ಇರಬೇಕಾದರೆ ಮಾಫಿಯಾದವರು ಎಷ್ಟು ಜನ ಇರಬೇಕು? ಉತ್ತರ ಆಶ್ಚರ್ಯದ್ದು. ಒಟ್ಟು ಜನಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಇದ್ದರೆ ಸಾಕು. ಊರು ನೂರು ಪಟ್ಟು ಬೆಳೆದರೆ ಮಾಫಿಯಾ ಹತ್ತು ಪಟ್ಟು ಬೆಳೆದರೆ ಆಯಿತು. ಒಬ್ಬರಿಗೊಬ್ಬರು ಗೊತ್ತಿರೋ ಸಣ್ಣ ಗುಂಪು, ಒಬ್ಬರನ್ನೊಬ್ಬರು ನಂಬದ ದೊಡ್ಡ ಗುಂಪನ್ನ ಮಣಿಸಬಹುದು. ಆದರೆ ಊರಿನ ಕಡೆ ಒಬ್ಬ ಪತ್ತೇದಾರ ಸೇರಿಕೊಂಡು, ರಾತ್ರಿಗೊಬ್ಬರ ನಿಜ ಪಾತ್ರ ಅವನಿಗೆ ತಿಳಿಯೋ ಹಾಗಾದರೆ ಲೆಕ್ಕವೇ ಬದಲಾಗುತ್ತೆ. ಆಗ ಮಾಫಿಯಾ ಊರಿನ ಜೊತೆ ಸರಿಸಮವಾಗಿ ಬೆಳೆದರೆ ಮಾತ್ರ ಉಳಿಗಾಲ. ಅಂದರೆ ಖಚಿತ ಮಾಹಿತಿ ಇರೋ ಒಬ್ಬ ಮನುಷ್ಯನ ತೂಕ ಅಷ್ಟು.

ಕೆಲವು ಕಡೆ ಸೂತ್ರಧಾರರು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾರೆ. ಪಾತ್ರ ಮುಚ್ಚಿಡೋದು ಸಾಲದು ಅಂತ ನಿಯಮಗಳನ್ನೂ ಮುಚ್ಚಿಡ್ತಾರೆ. ನಿಮ್ಮ ಮತಕ್ಕೆ ಎರಡು ಮತದ ಬೆಲೆ ಇರಬಹುದು, ನಿಮಗೇ ಗೊತ್ತಿರಲ್ಲ. ಒಂದು ಮಾತು ಬಾಯಿಗೆ ಬಂದರೆ ನೀವು ಆಟದಿಂದ ಔಟ್, ಆ ಮಾತು ಯಾವುದು ಅಂತ ಯಾರೂ ಹೇಳಿರಲ್ಲ. ಇಂಥ ಆಟ ಸರಿಯೋ ತಪ್ಪೋ ಅಂತ ಆಡೋರ ನಡುವೆ ದೊಡ್ಡ ಜಗಳವೇ ಇದೆ. ಒಪ್ಪೋರು ಕೂಡ ಎರಡು ಷರತ್ತು ಹಾಕ್ತಾರೆ. ಗುಪ್ತ ನಿಯಮ ಇದೆ ಅಂತಾದರೂ ಮೊದಲೇ ಹೇಳಿರಬೇಕು. ಆಟ ಮುಗಿದಮೇಲೆ ಎಲ್ಲವನ್ನೂ ಬಿಚ್ಚಿ ತೋರಿಸಬೇಕು.

ಈ ಎರಡು ಷರತ್ತು ನೆನಪಿನಲ್ಲಿ ಇಟ್ಟುಕೊಂಡು ನಮ್ಮ ಸೀಮೆಗೆ ಬರೋಣ.

ನಾಲ್ಕು ಊರು, ನಾಲ್ಕು ಹುಕುಂ

ಇವತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. 1857ರಲ್ಲಿ ಹಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದ್ದು. ಬೀಳಗಿ ಕಂಪನಿ ಸರ್ಕಾರದ ನೇರ ಆಡಳಿತದಲ್ಲಿತ್ತು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿಯದ್ದು. ಒಂದೇ ದಿನ ನಡೆದು ಹೋದರೂ ನೀವು ಎರಡು ಮೂರು ಸರ್ಕಾರ ದಾಟಿರ್ತಿದ್ದಿರಿ. ಈ ಸಂಸ್ಥಾನಗಳ ತಲೆ ಮೇಲೆ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಕೂತಿದ್ದ. ಆಟದ ಭಾಷೆಯಲ್ಲಿ ಹೇಳೋದಾದರೆ, ಅವನೇ ಸೂತ್ರಧಾರ.

ಆ ವರ್ಷ ಮೇ ತಿಂಗಳಲ್ಲಿ ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದರು. ಸೆಪ್ಟೆಂಬರಿನಲ್ಲಿ ಸರ್ಕಾರ ಆಯುಧಗಳ ಮೇಲೆ ಒಂದು ಕಾಯ್ದೆ ತಂದಿತು. 1857ರ 28ನೇ ಕಾಯ್ದೆ. ಜನರ ಬಾಯಲ್ಲಿ ಇದಕ್ಕೆ ನಿಶ್ಶಸ್ತ್ರೀಕರಣ ಕಾಯ್ದೆ ಅಂತ ಹೆಸರು. ಮನೆಯಲ್ಲಿರೋ ಕತ್ತಿ, ಬಂದೂಕು ತಂದು ತೋರಿಸಬೇಕು, ಬರೆಸಬೇಕು, ಪರವಾನಗಿ ಪಡೀಬೇಕು. ಮೇಲಿನ ನಿಯಮ ಇಷ್ಟೇ.

ಮುಧೋಳ ಸಂಸ್ಥಾನದ ಸಣ್ಣ ಹಳ್ಳಿ ಹಲಗಲಿ. ಅಲ್ಲಿನ ಬೇಡರಿಗೆ ಆಯುಧ ಅಂದರೆ ಗೋಡೆಗೆ ತೂಗುಹಾಕೋ ಶೋಕಿ ವಸ್ತು ಆಗಿರಲಿಲ್ಲ. ಬೇಟೆ ಅದರಿಂದಲೇ, ಊರ ಕಾವಲು ಅದರಿಂದಲೇ, ದಂಡಿನಲ್ಲಿ ಸಿಗೋ ಕೆಲಸವೂ ಅದರಿಂದಲೇ. ಬರೆಸಿದ ಮೇಲೆ ಅದು ತಮ್ಮ ಹತ್ತಿರ ಉಳಿಯುತ್ತೋ, ಇನ್ನೊಂದು ಹುಕುಂ ಬಂದು ಕಿತ್ತುಕೊಂಡು ಹೋಗುತ್ತೋ? ಪರವಾನಗಿ ಯಾರಿಗೆ ಸಿಗುತ್ತೆ, ಯಾರಿಗೆ ಇಲ್ಲ? ಅದು ಅವರಿಗೆ ಕಾಣೋ ಹಾಗೆ ಎಲ್ಲೂ ಬರೆದಿರಲಿಲ್ಲ. ಅವರು ಊಹೆ ಮಾಡಬೇಕಾಗಿತ್ತು. ಮಾಡಿದರು. ಇವತ್ತು ಬರೆಸಿಕೊಳ್ಳೋದು ನಾಳೆ ಕಿತ್ತುಕೊಳ್ಳೋಕೆ ಅಂತ ತೀರ್ಮಾನಕ್ಕೆ ಬಂದರು.

ಸಂಸ್ಥಾನದ ಕಾರಭಾರಿ ಬಂದು ಸಮಾಧಾನ ಹೇಳೋಕೆ ನೋಡಿದ. ಕೇಳಲಿಲ್ಲ. ಸುತ್ತಮುತ್ತಲ ಹಳ್ಳಿಯವರೂ ಸೇರಿ ಸುಮಾರು 500 ಜನ ಹಲಗಲಿಯಲ್ಲಿ ಜಮಾಯಿಸಿದರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಕುದುರೆ ದಂಡು ಊರಿಗೆ ಮುತ್ತಿಗೆ ಹಾಕಿತು. ಊರಿಗೆ ಬೆಂಕಿ ಇಟ್ಟರು. ನೂರರಷ್ಟು ಜನ ಸತ್ತರು, 290 ಜನ ಸೆರೆ ಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನ, 14ರಂದು ಹಲಗಲಿಯಲ್ಲೇ 6 ಜನರನ್ನ ಗಲ್ಲಿಗೆ ಹಾಕಿದರು. ಮುಧೋಳದ ಗಲ್ಲು ನೋಡಬೇಕಾದವರು ಯಾರು? ಅಲ್ಲಿನ ಸಾಮಾನ್ಯ ಜನ, ಅಂದರೆ ಇನ್ನೂ ಆಟದಲ್ಲಿ ಉಳಿದವರು.

ಹತ್ತನೇ ತರಗತಿ ಕನ್ನಡ ಪಠ್ಯದಲ್ಲಿ ಹಲಗಲಿ ಬೇಡರ ಲಾವಣಿ ಓದಿದೋರಿಗೆ ಹನುಮ, ಬಾಲ, ಜಡಗ, ರಾಮ ಈ ಹೆಸರು ಗೊತ್ತಿರುತ್ತೆ. ಆ ಪಾಠದಲ್ಲಿ ನಮ್ಮ ಕಣ್ಣಿಗೆ ಬೀಳೋದು ಶೌರ್ಯ. ನಾನು ಇವತ್ತು ಹೇಳ್ತಿರೋದು ಅವರ ಬುದ್ಧಿಯ ಬಗ್ಗೆ. ಅವರ ಊಹೆ ಸರಿ ಇತ್ತೋ ತಪ್ಪಿತ್ತೋ?

ಬಿಚ್ಚಿಕೊಂಡ ನಿಯಮ

ಮುಂದೆ ನಡೆದದ್ದನ್ನ ಒಂದೊಂದಾಗಿ ನೋಡ್ರಿ.

ಮರುವರ್ಷ, 1858ರಲ್ಲಿ, ನರಗುಂದದ ಬಾಬಾಸಾಹೇಬರಿಗೆ ಕೋಟೆಯ ದೊಡ್ಡ ತೋಪುಗಳನ್ನ ಧಾರವಾಡಕ್ಕೆ ಕಳಿಸಿ ಅಂತ ಹೇಳಿದರು. ದತ್ತು ತಗೊಳ್ಳೋಕೆ ಮೊದಲೇ ಅನುಮತಿ ಕೊಟ್ಟಿರಲಿಲ್ಲ. ಅವರೂ ದಂಗೆ ಎದ್ದರು.

1861ರಲ್ಲಿ ಕೊಡಗಿನವರಿಗೆ ಇದೇ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶ ಅದು. ಕಾರಣ, ಕೊಡಗು ಸರ್ಕಾರಕ್ಕೆ ನಿಷ್ಠವಾಗಿತ್ತು. ಕೊಡವರ ಮನೆಯಲ್ಲಿ ಕೋವಿ ಪೂಜೆ ಇವತ್ತಿಗೂ ನಡೆಯುತ್ತೆ. ಅದನ್ನ ನೋಡಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ ಹಲಗಲಿಯ ಪಕ್ಕಕ್ಕೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತೆ. ಕೊಡವರಿಗೂ ಬೇಡರಿಗೂ ಆಯುಧದ ಜೊತೆ ಇದ್ದ ನಂಟು ಒಂದೇ ನಮೂನಿದು. ಸರ್ಕಾರದ ಪುಸ್ತಕದಲ್ಲಿ ಅವರ ಪಾತ್ರ ಮಾತ್ರ ಬೇರೆ.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಹೊಸ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಪರವಾನಗಿ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. 21 ವರ್ಷದ ಹಿಂದೆ ಹಲಗಲಿಯವರಿಗೆ ಯಾರೂ ಓದಿ ಹೇಳದ ನಿಯಮ ಈಗ ಕಾನೂನಿನ ಪುಟದಲ್ಲಿ ಅಚ್ಚಾಗಿತ್ತು. ಆಯುಧ ಇಟ್ಟುಕೊಳ್ಳೋ ಹಕ್ಕು ನೀವು ಏನು ಮಾಡಿದ್ದೀರಿ ಅನ್ನೋದರ ಮೇಲೆ ನಿಂತಿರಲಿಲ್ಲ, ನೀವು ಯಾರು ಅನ್ನೋದರ ಮೇಲೆ ನಿಂತಿತ್ತು.

ಅಂದರೆ ಬೇಡರು ಮುಚ್ಚಿಟ್ಟ ನಿಯಮವನ್ನ ಸರಿಯಾಗಿಯೇ ಪತ್ತೆ ಹಚ್ಚಿದ್ದರು. ಆದರೆ ಪತ್ತೆ ಹಚ್ಚಿದ್ದಕ್ಕೆ ಈ ಆಟದಲ್ಲಿ ಅಂಕ ಇರಲಿಲ್ಲ.

ಗುಟ್ಟಿನ ಪತ್ರ

ಇಂಥ ಆಟಗಳಲ್ಲಿ ಇನ್ನೊಂದು ಯಂತ್ರ ಇರುತ್ತೆ, ಇಬ್ಬರ ನಡುವಿನ ಗುಟ್ಟಿನ ಮಾತು. ಅದಕ್ಕೂ ನಮ್ಮ ನೆರೆಯಲ್ಲೇ ಉದಾಹರಣೆ ಇದೆ, ಮುಧೋಳದಿಂದ ದೂರ ಇಲ್ಲದ ರಾಮದುರ್ಗದಲ್ಲಿ.

ರಾಮದುರ್ಗದ ಅರಸ ಮತ್ತು ನರಗುಂದದ ಬಾಬಾಸಾಹೇಬ ಮಲಅಣ್ಣತಮ್ಮಂದಿರು. 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್‌ಸನ್ ರಾಮದುರ್ಗಕ್ಕೆ ಬಂದ. ಅರಸ ಅವನ ಕೈಗೆ ಒಂದು ಪತ್ರ ಕೊಟ್ಟ. ದಂಗೆಗೆ ನೀನೂ ಸೇರು ಅಂತ ನರಗುಂದದಿಂದ ಬಂದ ಪತ್ರ. ಸಣ್ಣ ತಂಡ ಕಟ್ಟಿಕೊಂಡು ಆ ಕಡೆ ಹೋಗಬೇಡ ಅಂತ ಎಚ್ಚರಿಕೆಯನ್ನೂ ಹೇಳಿದ. ಮ್ಯಾನ್‌ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಕಡೆಯವರು ಅವನನ್ನ ಕೊಂದರು. ಜೂನ್ ಮೊದಲಿಗೇ ನರಗುಂದದ ಕೋಟೆ ಬಿತ್ತು. ಜೂನ್ 12ಕ್ಕೆ ಬಾಬಾಸಾಹೇಬರನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಆಮೇಲೆ ನರಗುಂದ ಸಂಸ್ಥಾನ ಇಲ್ಲವಾಯಿತು. ರಾಮದುರ್ಗ 1948ರವರೆಗೆ ಉಳಿಯಿತು. ಜಮಖಂಡಿ ಅರಮನೆ ಮೇಲೂ ಆ ದಿನಗಳಲ್ಲಿ ಸರ್ಕಾರದ ಅನುಮಾನದ ಕಣ್ಣು ಬಿದ್ದಿತ್ತು. ಅದೂ ಪಾರಾಗಿ 1948ರವರೆಗೆ ಉಳಿಯಿತು. ರಾಮದುರ್ಗದವರನ್ನ ದ್ರೋಹಿ ಅನ್ನೋದು ಸುಲಭ. ನಾನು ಆ ಅವಸರ ಮಾಡಲ್ಲ. ಗಣಿತಜ್ಞರ ಲೆಕ್ಕ ನೆನಪಿಸಿಕೊಳ್ರಿ. ಒಬ್ಬರಿಗೊಬ್ಬರು ಗೊತ್ತಿರೋ ಸಣ್ಣ ಗುಂಪು, ನಂಬಿಕೆ ಇಲ್ಲದ ದೊಡ್ಡ ಗುಂಪು. ಈ ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿಗಳು ಬೆರಳೆಣಿಕೆಯಷ್ಟು. ಆದರೆ ಅವರಲ್ಲಿ ಯಾರು ಯಾರ ಕಡೆ ಅನ್ನೋ ಪ್ರಶ್ನೆಯೇ ಇರಲಿಲ್ಲ. ನಮ್ಮ ಕಡೆ ಅಣ್ಣ ಬರೆದ ಪತ್ರ ಕೈಗೆ ಬಂದಾಗ, ಇದನ್ನ ಇನ್ನೂ ಎಷ್ಟು ಜನರಿಗೆ ಬರೆದಿದ್ದಾನೆ, ಅವರಲ್ಲಿ ಯಾರು ಮೊದಲು ತೋರಿಸ್ತಾರೆ ಅಂತ ತಮ್ಮ ಯೋಚನೆ ಮಾಡಬೇಕಾಗಿತ್ತು. ಮೊದಲು ತೋರಿಸಿದವನು ಉಳೀತಾನೆ ಅನ್ನೋದು ಎಲ್ಲೂ ಬರೆಯದ, ಎಲ್ಲರಿಗೂ ಗೊತ್ತಿದ್ದ ನಿಯಮ.

ಹುಟ್ಟಿದಾಗಲೇ ಹಂಚಿದ ಚೀಟಿ

ಕೊನೆಗೆ ಒಂದು ಮಾತು. ಅದನ್ನ ಹೇಳದಿದ್ದರೆ ಈ ಸಂಚಿಕೆ ಅರ್ಧ ಆಗುತ್ತೆ.

ನಮ್ಮ ಚೀಟಿ ಆಟದಲ್ಲಿ ಒಂದು ನ್ಯಾಯ ಇದೆ. ಪ್ರತಿ ಸುತ್ತಿಗೂ ಚೀಟಿ ಮತ್ತೆ ಕುಲುಕ್ತಾರೆ. ಈ ಸಲದ ಕಳ್ಳ ಮುಂದಿನ ಸಲದ ರಾಜ ಆಗಬಹುದು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಈ ಕುಲುಕಾಟವನ್ನೇ ನಿಲ್ಲಿಸಿತು. ಕೆಲವು ಸಮುದಾಯಗಳ ಮಂದಿ ಹುಟ್ಟಿನಿಂದಲೇ ಅಪರಾಧಿಗಳು ಅಂತ ಅದು ಬರೆದಿಟ್ಟಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಕಾಯ್ದೆ 1911ರ ತಿದ್ದುಪಡಿಯಿಂದ ಮುಂಬಯಿ ಪ್ರಾಂತ್ಯಕ್ಕೂ ಬಂತು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಹೆಸರು ದಾಖಲಿಸಬೇಕು, ಹಾಜರಿ ಕೊಡಬೇಕು, ಊರು ಬಿಟ್ಟು ಹೋಗೋಕೆ ಪರವಾನಗಿ ಚೀಟಿ ಬೇಕು. ನೋಡ್ರಿ, ಮತ್ತೆ ಚೀಟಿ. ನಮ್ಮ ಭಾಗದ ಗಂಟಿಚೋರ್ ಸಮುದಾಯದವರಿಗಂತೂ ಹೆಸರಿನಲ್ಲೇ 'ಚೋರ್' ಅಂತ ಅಂಟಿಸಿ ಆಗಿತ್ತು. ಅವರ ಪಾಲಿಗೆ ಪೊಲೀಸ ಕಣ್ಣು ನೋಡಿ ಊಹಿಸೋ ಕೆಲಸವೇ ಇರಲಿಲ್ಲ. ಎಲ್ಲೋ ಕಳವಾದರೆ ಮೊದಲು ಇವರ ಕೇರಿಗೆ ಬಂದರಾಯಿತು.

ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ, 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಅದಕ್ಕೇ ಆ ಸಮುದಾಯಗಳು ಆಗಸ್ಟ್ 31ನ್ನ ವಿಮುಕ್ತ ದಿನ ಅಂತ ಆಚರಿಸ್ತಾರೆ. ಕಾಯ್ದೆ ಹೋದರೂ ಅನುಮಾನದ ಬೆರಳು ಅಷ್ಟು ಸಲೀಸಾಗಿ ಇಳಿಯಲ್ಲ ಅನ್ನೋದು ಅವರನ್ನ ಕೇಳಿದರೆ ಗೊತ್ತಾಗುತ್ತೆ.

ಹಾಗಾದರೆ ಸೂತ್ರಧಾರನಿಗೆ ಹಾಕಿದ ಆ ಎರಡು ಷರತ್ತು ಏನಾಯಿತು? ಗುಪ್ತ ನಿಯಮ ಇದೆ ಅಂತ ಹಲಗಲಿಯವರಿಗೆ ಯಾರೂ ಮೊದಲೇ ಹೇಳಲಿಲ್ಲ. ಆಟ ಮುಗಿದಮೇಲೂ ಯಾರೂ ಕೂರಿಸಿ ಬಿಚ್ಚಿ ಹೇಳಲಿಲ್ಲ. ಆ ಕೆಲಸ ಮಾಡಿದವರು ಲಾವಣಿಕಾರರು. ಡಪ್ಪು ಬಡಿದು, ತುಂತುಣಿ ಮೀಟಿ, ಏನು ನಡೀತು ಅಂತ ಊರೂರಿಗೆ ಹಾಡಿ ಹೇಳಿದರು. ಮುಂಬಯಿ ಪ್ರಾಂತ್ಯದ ಅಧಿಕಾರಿ, ಶಾಸನಗಳ ಪಂಡಿತ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಅಂಥ ಹಾಡುಗಳನ್ನ ಕೂಡಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ. ಸೂತ್ರಧಾರನ ಕಡೆಯ ಮನುಷ್ಯನೇ ಸೋತವರ ದಾಖಲೆ ಉಳಿಸಿದ. ಇತಿಹಾಸದಲ್ಲಿ ಹೀಗೂ ಆಗುತ್ತೆ.

ಮನೆಯಲ್ಲಿ ಮಕ್ಕಳು ಚೀಟಿ ಆಟ ಆಡ್ತಿದ್ದರೆ ಬೇಡ ಅನ್ನಬೇಡ್ರಿ, ಆಡಲಿ. ಆಡಿ ಮುಗಿದಮೇಲೆ ಒಂದೇ ಒಂದು ಪ್ರಶ್ನೆ ಕೇಳ್ರಿ. ರಾಜನಿಗೆ ಯಾಕೆ ಯಾವಾಗಲೂ 1000? ಅವರು ಏನು ಉತ್ತರ ಕೊಟ್ಟರು ಅಂತ ನಮಗೂ ಬರೆದು ತಿಳಿಸ್ರಿ.